ಪುಟ್ಟಸ್ವಾಮಯ್ಯನವರ ಗೋಡೆಯ ಮೇಲೆ ಅಮೆರಿಕ

ಬಾಡಿಗೆ ಮನೆಯಲ್ಲಿ ಇದ್ದವರಿಗೆ ಮಾತ್ರ ಸಿದ್ಧಿಸುವ ಒಂದು ದನಿಯಿದೆ. ಅದು ಪಿಸುಮಾತೂ ಅಲ್ಲ, ಪೂರ್ತಿ ಮಾತೂ ಅಲ್ಲ. ಅಡುಗೆಮನೆಯಲ್ಲಿ ಆಡಿದ್ದು ನಡುಮನೆಗೆ ಕೇಳಬೇಕು, ಮಹಡಿಗೆ ಕೇಳಬಾರದು. ಆ ಹದಕ್ಕೆ ಗಂಟಲನ್ನು ಪಳಗಿಸಿಕೊಳ್ಳಬೇಕು. ನನಗೆ ಅದು ಬಹಳ ಬೇಗ ಸಿದ್ಧಿಸಿತು. ಹುಟ್ಟಿನಿಂದಲೇ ಪುಕ್ಕಲನಾದವನಿಗೆ ಇಂಥವೆಲ್ಲ ಕಲಿಸಬೇಕಾಗುವುದಿಲ್ಲ. ನನ್ನ ಹೆಂಡತಿ ಸರೋಜಳಿಗೆ ಮಾತ್ರ ಕೊನೆಗೂ ಅದು ಬರಲಿಲ್ಲ. ಅವಳ ತವರಿನಲ್ಲಿ ಎಲ್ಲರೂ ಹಿತ್ತಿಲಿನಿಂದ ಬೀದಿಬಾಗಿಲಿಗೆ ಕೇಳುವಂತೆ ಮಾತಾಡುವವರು. ವಿಜಯನಗರದಲ್ಲಿ, ಅತ್ತಿಗುಪ್ಪೆಯ ಕಡೆಗೆ ವಾಲಿದಂತಿದ್ದ ಒಂದು ಕ್ರಾಸಿನಲ್ಲಿ, ಪುಟ್ಟಸ್ವಾಮಯ್ಯನವರ ಮನೆಯ ಕೆಳಗಿನ ಭಾಗದಲ್ಲಿ ನಾವಿದ್ದೆವು. ಮೇಲಿನ ಭಾಗದಲ್ಲಿ ಅವರಿದ್ದರು. ಗಿರಣಿಯೊಂದರಲ್ಲಿ ಮೇಲ್ವಿಚಾರಕರಾಗಿ ನಿವೃತ್ತರಾದ ಅವರು ಬಾಡಿಗೆದಾರರ ಜೊತೆ ಜಗಳ ಆಡುತ್ತಿರಲಿಲ್ಲ. ಮನೆ ಬಿಡಿಸಬೇಕೆನಿಸಿದಾಗ 'ನಮ್ಮ ಹುಡುಗನಿಗೆ ಹೆಣ್ಣು ಗೊತ್ತಾಗೋ ಹಾಗಿದೆ' ಅನ್ನುತ್ತಿದ್ದರು, ಅಷ್ಟೆ. ನಮಗಿಂತ ಹಿಂದೆ ಇದ್ದವರಿಗೂ ಅವರಿಗಿಂತ ಹಿಂದೆ ಇದ್ದವರಿಗೂ ಹಾಗೇ ಹೇಳಿದ್ದರಂತೆ. ಹುಡುಗ ಇನ್ನೂ ಬ್ರಹ್ಮಚಾರಿಯಾಗಿಯೇ ಇದ್ದ. ಅವನ ಮದುವೆಯ ಸುದ್ದಿ ಕೇಳಿದರೆ ಸಂತೋಷಪಡುವ ಬದಲು ನನ್ನ ಎದೆ ಡವಡವ ಅನ್ನುತ್ತಿತ್ತು. ಅದರಲ್ಲೂ ಆ ವರ್ಷ ನಮ್ಮ ಮಗಳು ಭಾರತಿ ಹತ್ತನೇ ತರಗತಿ. ಸ್ಕೂಲು ಪಕ್ಕದ ಬೀದಿಯಲ್ಲೇ ಇತ್ತು. ಪರೀಕ್ಷೆ ಮುಗಿಯುವ ತನಕ ಮೇಲಿನವರ ಬಾಯಿಂದ ಆ ಮದುವೆಯ ಮಾತು ಬರದೇ ಇದ್ದರೆ ಸಾಕು ಎಂದು ದಿನಾ ದೇವರಿಗೆ ಕೈಮುಗಿಯುತ್ತಿದ್ದೆ.

ಇಂಥ ನಾನು ವಾಕ್ ಸ್ವಾತಂತ್ರ್ಯದ ಬಗ್ಗೆ ಭಾಷಣ ಮಾಡಿದೆ ಎಂದರೆ ನೀವು ನಂಬಲಿಕ್ಕಿಲ್ಲ. ಇದಕ್ಕೆಲ್ಲ ಕಾರಣ ನೋಟ್‌ಬುಕ್ಕಿಗೆ ಬೈಂಡ್ ಹಾಕುವ ಕಾಗದ. ಆ ಕಾಲದಲ್ಲಿ ವಿಳಾಸ ಬರೆದು ಕಳಿಸಿದರೆ ಅಮೆರಿಕದವರು ಒಂದು ಪತ್ರಿಕೆಯನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಪತ್ರಿಕೆಯೊಳಗೆ ಏನಿದೆ ಎಂದು ನೋಡುವವರು ಕಡಿಮೆ. ಅದರ ಕಾಗದ ಮಾತ್ರ ಕೈಯಿಟ್ಟರೆ ಜಾರುವಷ್ಟು ನುಣುಪು, ನೀರು ಬಿದ್ದರೂ ಬೇಗ ಮೆತ್ತಗಾಗದು. ಅಂಗಡಿಯ ಕಂದು ಕಾಗದ ಅದರ ಮುಂದೆ ನಿಲ್ಲುವಂತಿರಲಿಲ್ಲ. ನಮ್ಮ ಓಣಿಯಲ್ಲಿ ಓದುವ ಮಕ್ಕಳಿದ್ದ ಮನೆಯವರೆಲ್ಲ ಅದನ್ನು ತರಿಸುತ್ತಿದ್ದರು. ಭಾರತಿಯ ಲೆಕ್ಕದ ಪುಸ್ತಕದ ಮೇಲೆ ಜಲಪಾತ, ಹಿಂದಿ ಪುಸ್ತಕದ ಮೇಲೆ ಗೋಧಿ ಕೊಯ್ಯುವ ಯಂತ್ರ. ಪತ್ರಿಕೆ ಬಂದ ಮಧ್ಯಾಹ್ನವೇ ಸರೋಜ ಅದರ ಪಿನ್ನು ಬಿಚ್ಚಿ, ಹಾಳೆ ಹಾಳೆ ಬೇರೆ ಮಾಡಿ ಹಾಸಿಗೆಯ ಕೆಳಗೆ ಇಟ್ಟುಬಿಡುತ್ತಿದ್ದಳು, ಮಡಿಕೆ ಹೋಗಲಿ ಅಂತ. ನಾನು ಆಫೀಸಿನಿಂದ ಬಂದು ಓದಬೇಕೆಂದರೆ ಹಾಸಿಗೆ ಎತ್ತಬೇಕು, ಅಥವಾ ಮಗಳ ಪುಸ್ತಕಗಳನ್ನು ಹೊರಗಿನಿಂದ ಓದಬೇಕು. ಹಾಗೆ ಒಂದು ಸಂಜೆ ಭಾರತಿಯ ಸಮಾಜ ಪರಿಚಯದ ನೋಟ್‌ಬುಕ್ಕನ್ನು ತಿರುಗಿಸಿ ತಿರುಗಿಸಿ ಓದುತ್ತಿದ್ದಾಗ, ಅಮೆರಿಕದ ಒಬ್ಬ ಪ್ರೊಫೆಸರರ ಲೇಖನ ಸಿಕ್ಕಿತು.

ಅದನ್ನು ಓದಿ ನನಗೆ ಮೈ ಜುಮ್ಮೆಂದಿತು. ಆ ದೇಶದಲ್ಲಿ ಸರ್ಕಾರ ಯಾರ ಬಾಯನ್ನೂ ಮುಚ್ಚಿಸುವಂತಿಲ್ಲವಂತೆ. ಅವರ ಸಂವಿಧಾನಕ್ಕೆ ಮೊದಲು ಮಾಡಿದ ತಿದ್ದುಪಡಿಯಲ್ಲೇ ಹಾಗೆ ಬರೆದುಕೊಂಡಿದ್ದಾರಂತೆ. ಹಾಗಿದ್ದೂ ಅಲ್ಲಿ ಜಗಳಕ್ಕೇನೂ ಕಡಿಮೆಯಿಲ್ಲ. ಶಾಲೆಯ ಲೈಬ್ರರಿಯಿಂದ ಕೆಲವು ಪುಸ್ತಕ ತೆಗೆಸಿದ್ದಕ್ಕೆ ಓದುವ ಹುಡುಗರೇ ಕೋರ್ಟಿಗೆ ಹೋಗಿದ್ದಾರೆ. ಹಾಡಿನ ಕ್ಯಾಸೆಟ್ಟಿನ ಮೇಲೆ ಎಚ್ಚರಿಕೆಯ ಚೀಟಿ ಅಂಟಿಸಬೇಕೆಂದು ತಾಯಂದಿರು ಹಟ ಹಿಡಿದಿದ್ದಾರೆ. ಸ್ವಂತ ದೇಶದ ಬಾವುಟ ಸುಟ್ಟವನನ್ನು ಜೈಲಿಗೆ ಹಾಕಬೇಕೋ, ಅವನು ಅದರ ಮೂಲಕ ಏನೋ ಹೇಳಿದ ಎಂದು ಬಿಟ್ಟುಬಿಡಬೇಕೋ ಎಂದು ದೊಡ್ಡ ದೊಡ್ಡ ವಕೀಲರು ವಾದ ಮಾಡುತ್ತಿದ್ದಾರೆ. ಪ್ರೊಫೆಸರರ ಮಾತು ಒಂದೇ: ಯಾರೋ ಕೆಟ್ಟ ಮಾತಾಡಿದರೆ ಅದನ್ನು ಅಳಿಸಬೇಡಿ, ಅದರ ಪಕ್ಕದಲ್ಲಿ ಒಳ್ಳೆಯ ಮಾತಾಡಿ. ನನಗೆ ಇದು ಎಷ್ಟು ಹಿಡಿಸಿತೆಂದರೆ, ನಮ್ಮ ಓಣಿಯ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಭಾಷಣಕಾರರು ಕೈಕೊಟ್ಟಾಗ ಕಾರ್ಯದರ್ಶಿ ನಾಗರಾಜ ಬಂದು 'ಸಾರ್, ನೀವೇ ಏನಾದ್ರೂ ಒಂದರ್ಧ ಗಂಟೆ ಮಾತಾಡಿ, ಪೆಂಡಾಲ್ ಹಾಕ್ಸಾಗಿದೆ' ಎಂದು ಅಂಗಲಾಚಿದ ತಕ್ಷಣ ನಾನು ಒಪ್ಪಿಕೊಂಡುಬಿಟ್ಟೆ. ನಾಗರಾಜ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಸಂಘಕ್ಕಾಗಿ ಪ್ರಾಣ ಬಿಡುವ ಹುಡುಗ.

ಆ ಲೇಖನ ವಾಸ್ತವವಾಗಿ ಒಂದು ಚರ್ಚೆಯ ಅರ್ಧಭಾಗ ಎನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಒಬ್ಬ ಪ್ರೊಫೆಸರು ಪರ, ಇನ್ನೊಬ್ಬರು ವಿರೋಧ. ವಿರೋಧದವರು ಭಾರತಿಯ ವಿಜ್ಞಾನದ ನೋಟ್‌ಬುಕ್ಕಿನ ಮೇಲಿದ್ದರು. ಆ ಪುಸ್ತಕ ತಿದ್ದುವುದಕ್ಕೆಂದು ಟೀಚರ ಮನೆಗೆ ಹೋಗಿತ್ತು. ಹೀಗಾಗಿ ಅಮೆರಿಕದಲ್ಲಿ ಯಾರು ಏನು ಬೇಕಾದರೂ ಹೇಳಬಹುದು, ಬರೆಯಬಹುದು, ಅದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ಮೈಕಿನ ಮುಂದೆ ನಿಂತು ನಾನು ಓಣಿಗೆಲ್ಲ ಭರವಸೆ ಕೊಟ್ಟೆ. ಚಪ್ಪಾಳೆ ಬಿತ್ತು. ಅಧ್ಯಕ್ಷತೆ ವಹಿಸಿದ್ದವರು ಪುಟ್ಟಸ್ವಾಮಯ್ಯನವರು. ಸಂಘಕ್ಕೆ ಅವರೇ ಗೌರವಾಧ್ಯಕ್ಷರು. ಅವರು ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿ, 'ಎಲ್ಲಾ ಸರಿ ಮೂರ್ತಿಗಳೇ. ಅಲ್ಲಿ ಜನ ಬರೀತಾರಲ್ಲ, ಆ ಗೋಡೆ ಯಾರ್ದು?' ಎಂದು ಕೇಳಿದರು. ಪ್ರೊಫೆಸರು ಗೋಡೆಯ ವಿಷಯ ಏನೂ ಹೇಳಿರಲಿಲ್ಲ. ನಾನು ತಡವರಿಸುತ್ತಿದ್ದಾಗ ನಾಗರಾಜ ಎದ್ದು ನಿಂತು, ನಮ್ಮ ಸಂಘದ ಬೋರ್ಡಿನಲ್ಲೂ ಯಾರು ಏನು ಬೇಕಾದರೂ ಬರೆಯುವ ಹಾಗೆ ಮಾಡಬಹುದಲ್ಲ ಸಾರ್ ಎಂದು ಒಂದು ಸಲಹೆ ಎತ್ತಿದ. ಪುಟ್ಟಸ್ವಾಮಯ್ಯನವರು, 'ನಮ್ಮ ಗೋಡೆ ತಾನೆ, ಬರ್ಕೊಳ್ಳಿ. ಒಂದೇ ಮಾತು, ನಿಜ ಬರೀಬೇಕು' ಎಂದರು. ಮತ್ತೆ ಚಪ್ಪಾಳೆ ಬಿತ್ತು.

ಬೋರ್ಡಿನ ವಿಷಯ ಹೇಳಬೇಕು. ಸಂಘದ ಬಾವುಟದ ಕಂಬದ ಹಿಂದೆ, ಪುಟ್ಟಸ್ವಾಮಯ್ಯನವರ ಕಾಂಪೌಂಡ್ ಗೋಡೆಯ ಮೇಲೆ ಸಿಮೆಂಟು ಮೆತ್ತಿ ಕಪ್ಪು ಬಳಿದ ಒಂದು ಹಲಗೆಯಿತ್ತು. ದಿನಾ ಬೆಳಿಗ್ಗೆ ಅದರ ಮೇಲೆ ಒಂದು ನುಡಿಮುತ್ತು, ಕೆಳಗೆ ಅಂದಿನ ಮುಖ್ಯ ಸುದ್ದಿ ಬರೆಯುವುದು ನನ್ನ ಕೆಲಸ. ನನ್ನ ಅಕ್ಷರ ದುಂಡಗಿದೆ ಎಂದು ಸಂಘದವರು ಒಪ್ಪಿಸಿದ್ದರು. ಎದುರಿಗೇ ಹಾಲಿನ ಬೂತು ಇದ್ದುದರಿಂದ, ಹಾಲಿಗೆ ನಿಂತ ಹೆಂಗಸರು ಗಂಡಸರೆಲ್ಲ ಕ್ಯೂ ಸರಿಯುವವರೆಗೆ ಅದನ್ನೇ ಓದುತ್ತಿದ್ದರು. ಪುಟ್ಟಸ್ವಾಮಯ್ಯನವರಿಗೆ ಎರಡು ಕಣ್ಣಿನಲ್ಲೂ ಪೊರೆ ಬಂದಿತ್ತು. ಅದು ಬಲಿಯಲಿ, ಆಮೇಲೆ ಆಪರೇಷನ್ ಮಾಡೋಣ ಎಂದು ಡಾಕ್ಟರು ಹೇಳಿದ್ದರು. ಹೀಗಾಗಿ ಅವರು ವಾಕಿಂಗ್ ಮುಗಿಸಿ ಬಂದು ಬೋರ್ಡಿನ ಮುಂದೆ ಕೋಲು ಊರಿ ನಿಂತು, 'ಏನ್ ಬರ್ದಿದೀರಿ ಮೂರ್ತಿಗಳೇ ಇವತ್ತು, ಓದಿ' ಎನ್ನುವುದು, ನಾನು ಬೀದಿಗೆಲ್ಲ ಕೇಳುವಂತೆ ಓದುವುದು ದಿನದ ಪದ್ಧತಿಯಾಗಿತ್ತು. ನಾನು ಬಾಡಿಗೆದಾರನ ದನಿ ಬಿಟ್ಟು ಗಟ್ಟಿಯಾಗಿ ಮಾತಾಡುತ್ತಿದ್ದುದು ದಿನಕ್ಕೆ ಅದೊಂದೇ ಸಲ. ನನಗದು ಇಷ್ಟವಾಗಿತ್ತು ಎಂದು ಹೇಳಿಕೊಳ್ಳಲು ಸಂಕೋಚವೇನಿಲ್ಲ.

ನಾಗರಾಜ ಹಲಗೆಯ ಕೆಳಗಿನ ಅರ್ಧಕ್ಕೆ ಒಂದು ಬಿಳಿ ಗೆರೆ ಎಳೆದು, 'ಸಾರ್ವಜನಿಕರ ಅಭಿಪ್ರಾಯ, ಅಳಿಸಬಾರದು' ಎಂದು ಪೇಂಟಿನಲ್ಲಿ ಬರೆಸಿದ. ಒಂದು ಡಬ್ಬಿಯಲ್ಲಿ ಸೀಮೆಸುಣ್ಣ ಇಟ್ಟ. ಅಲ್ಲಿಂದ ನನ್ನ ನಿದ್ದೆ ಕೆಟ್ಟಿತು. ಬೆಳಿಗ್ಗೆ ಎದ್ದು ಮುಖಕ್ಕೂ ನೀರು ಹಾಕದೆ, ಒಂದು ಒದ್ದೆ ಬಟ್ಟೆಯನ್ನು ಜೇಬಿನಲ್ಲಿ ಮುಚ್ಚಿಟ್ಟುಕೊಂಡು ಬೋರ್ಡಿನ ಹತ್ತಿರ ಓಡುತ್ತಿದ್ದೆ. ಬಟ್ಟೆ ಯಾಕೆ ಎಂದು ನೀವು ಕೇಳಬಹುದು. ಧೈರ್ಯಕ್ಕೆ. ಮೊದಲು ಬಂದವೆಲ್ಲ ಸಾಧು ಅಭಿಪ್ರಾಯಗಳು: ಕಸದ ತೊಟ್ಟಿ ತುಂಬಿದೆ, ಬಸ್ಸು ಸ್ಟಾಪಿನಲ್ಲಿ ನಿಲ್ಲುವುದಿಲ್ಲ. ಆಮೇಲೆ ಒಬ್ಬರು ಪಕ್ಕದ ಮನೆಯವರ ನಾಯಿಯ ಬಗ್ಗೆ ಬರೆದರು. ನಾಯಿಯ ಮನೆಯವರು ಪಕ್ಕದ ಮನೆಯವರ ಮಗನ ಬಗ್ಗೆ ಬರೆದರು. ಒಂದು ದಿನ 'ಶೀಲಾ, ಐ ಲವ್ ಯು' ಎಂದು ಕನ್ನಡ ಅಕ್ಷರದಲ್ಲಿ ಬಂತು. ಇದು ಅಭಿಪ್ರಾಯವೇ ಅಲ್ಲವೇ ಎಂದು ಯೋಚಿಸಿ ತಲೆಬಿಸಿಯಾಗಿ, ಕೊನೆಗೆ ಪ್ರೊಫೆಸರರ ಮಾತಿನಂತೆ ಅಳಿಸದೆ, ಅದರ ಕೆಳಗೆ 'ಈ ವಯಸ್ಸಿನಲ್ಲಿ ಓದಿನ ಕಡೆ ಗಮನ ಕೊಡುವುದು ಉತ್ತಮ' ಎಂದು ಬರೆದೆ. ಮಾರನೆಯ ದಿನ ಅದರ ಕೆಳಗೆ 'ನಿಮ್ಮ ಕೆಲಸ ನೋಡ್ಕೊಳ್ಳಿ ಅಂಕಲ್' ಎಂದಿತ್ತು. ಅದನ್ನೂ ಪುಟ್ಟಸ್ವಾಮಯ್ಯನವರಿಗೆ ನಾನೇ ಗಟ್ಟಿಯಾಗಿ ಓದಿ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಇಷ್ಟರಲ್ಲಿ ವಿಜ್ಞಾನದ ನೋಟ್‌ಬುಕ್ಕು ಟೀಚರ ಮನೆಯಿಂದ ವಾಪಸು ಬಂತು. ಎರಡನೆಯ ಪ್ರೊಫೆಸರರನ್ನು ನಾನು ಆಗ ಓದಿದೆ. ಇವರು ಬಹಳ ಎಚ್ಚರಿಕೆಯ ಮನುಷ್ಯ, ಓದುತ್ತಾ ಹೋದಂತೆ ನನ್ನ ಅಣ್ಣನೇ ಇರಬಹುದು ಅನ್ನಿಸಿತು. ತುಂಬಿದ ಥಿಯೇಟರಿನಲ್ಲಿ ಸುಮ್ಮಸುಮ್ಮನೆ ಬೆಂಕಿ ಬೆಂಕಿ ಎಂದು ಕೂಗಿ ಜನ ತುಳಿದಾಡಿದರೆ ಅದಕ್ಕೆ ಯಾರು ಹೊಣೆ, ಒಬ್ಬನ ಮಾನ ಹೋದಮೇಲೆ ಪಕ್ಕದಲ್ಲಿ ಎಷ್ಟು ಒಳ್ಳೆಯ ಮಾತಾಡಿದರೆ ಅದು ವಾಪಸು ಬರುತ್ತದೆ, ಎಲ್ಲಿ, ಯಾವಾಗ, ಯಾರ ಜಾಗದಲ್ಲಿ ಮಾತಾಡುತ್ತಿದ್ದೇವೆ ಎನ್ನುವುದು ಮುಖ್ಯವಲ್ಲವೇ ಎಂದೆಲ್ಲ ಕೇಳಿದ್ದರು. ಹಾಗಾದರೆ ಮಾಡಬೇಕಾದದ್ದೇನು ಎನ್ನುವ ಜಾಗಕ್ಕೆ ಸರಿಯಾಗಿ ಸರೋಜ ಮೈದಾ ಗೋಂದು ಬಳಿದು 'ಭಾರತಿ, ಹತ್ತನೇ ತರಗತಿ, ಬಿ ಸೆಕ್ಷನ್' ಎಂಬ ಲೇಬಲ್ಲನ್ನು ಅಂಟಿಸಿದ್ದಳು. ಉಗುರಿನಲ್ಲಿ ಕೆರೆದು ನೋಡಿದೆ. ಮೈದಾ ಗೋಂದು ಒಣಗಿದರೆ ಬಿಡುವ ಜಾತಿಯದಲ್ಲ. ಲೇಬಲ್ಲಿನ ಜೊತೆಗೆ ಅಮೆರಿಕವೂ ಕಿತ್ತು ಬಂತು, ಭಾರತಿ ಅಳುತ್ತಾ ಅಮ್ಮನ ಹತ್ತಿರ ಹೋದಳು. ಮಾತನ್ನು ಎಲ್ಲಿ ನಿಲ್ಲಿಸಬೇಕು ಎನ್ನುವುದು ನನಗೆ ಗೊತ್ತಾಗದೆಯೇ ಉಳಿಯಿತು.

ಈಗ ನೀರಿಗೆ ಬರೋಣ. ನಮ್ಮ ಕ್ರಾಸಿಗೆ ನಲ್ಲಿ ನೀರು ದಿನ ಬಿಟ್ಟು ದಿನ, ಬೆಳಗಿನ ಜಾವ ಬರುತ್ತಿತ್ತು. ಬಂದ ಕೂಡಲೇ ನಮ್ಮ ಮಲಗುವ ಕೋಣೆಯ ಕಿಟಕಿಯ ಕೆಳಗೆ ಪುಟ್ಟಸ್ವಾಮಯ್ಯನವರ ಮೋಟಾರು ಗುರ್ ಎನ್ನುತ್ತಿತ್ತು. ಪೈಪಿಗೇ ಮೋಟಾರು ಕೂಡಿಸಿ ಎಳೆದರೆ ನಮ್ಮ ಸಂಪು ತುಂಬುತ್ತದೆ, ಬೀದಿಯ ಉಳಿದ ನಲ್ಲಿಗಳು ಬರೀ ಗಾಳಿ ಊದುತ್ತವೆ. ಹಾಗೆ ಮಾಡುವುದು ತಪ್ಪೆಂದು ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತೆಂದು ನನಗೂ ಗೊತ್ತು. ಆ ಸಂಪಿನ ನೀರನ್ನೇ ನಾವೂ ಕುಡಿಯುತ್ತಿದ್ದೆವಾದ್ದರಿಂದ ನಾನು ಆ ಶಬ್ದಕ್ಕೆ ಮಗ್ಗುಲು ಬದಲಿಸಿ ಮಲಗುತ್ತಿದ್ದೆ. ಎದುರು ಮನೆಯಲ್ಲಿ ಒಬ್ಬಳು ಬಾಣಂತಿ ಇದ್ದಳು. ಅವಳಿಗೆ ಎರೆಯುವುದಕ್ಕೂ ಮಗುವಿನ ಬಟ್ಟೆ ಒಗೆಯುವುದಕ್ಕೂ ನೀರಿರುತ್ತಿರಲಿಲ್ಲ. ಸರೋಜ ಸೆರಗಿನ ಮರೆಯಲ್ಲಿ ಬಿಂದಿಗೆ ಹೊತ್ತುಕೊಂಡು ಹೋಗಿ ಕೊಟ್ಟು ಬರುತ್ತಿದ್ದಳು. 'ರೀ, ಮೇಲೆ ಹೋಗಿ ಒಂದ್ ಮಾತು ಹೇಳಿ. ನಾವು ನೀರು ಕದ್ದು, ಆಮೇಲೆ ಅದ್ನೇ ಅವ್ರಿಗೆ ದಾನ ಮಾಡ್ತಾ ಇದೀವಿ' ಎಂದು ಎಷ್ಟೋ ಸಲ ಹೇಳಿದಳು. ನಾನು ಮೊದಲು ಎದ್ದು ರೇಡಿಯೋ ಜೋರು ಮಾಡಿ, ಆಮೇಲೆ 'ಮೆಲ್ಲಗೆ ಕಣೇ. ಭಾರತಿ ಪರೀಕ್ಷೆ ಮುಗೀಲಿ' ಎನ್ನುತ್ತಿದ್ದೆ. 'ಊರಿಗೆಲ್ಲ ಭಾಷಣ ಮಾಡ್ತೀರಾ, ನಮ್ಮನೇಲಿ ಮಾತಾಡಕ್ಕೆ ರೇಡಿಯೋ ಹಾಕ್ಬೇಕು' ಎಂದು ಒಂದು ದಿನ ಅಂದವಳು ಮತ್ತೆ ಆ ವಿಷಯ ಎತ್ತಲಿಲ್ಲ. ಅವಳಿಗೆ ಅರ್ಥವಾಯಿತು ಎಂದು ನಾನು ನೆಮ್ಮದಿಯಾಗಿದ್ದೆ.

ಒಂದು ಬೆಳಿಗ್ಗೆ ನೀರು ಬಂದ ದಿನ ನಾನು ಬೋರ್ಡಿನ ಹತ್ತಿರ ಹೋಗುವ ಹೊತ್ತಿಗೆ ಕೆಳಗಿನ ಅರ್ಧದಲ್ಲಿ ಹೊಸದೊಂದು ಅಭಿಪ್ರಾಯ ಬಂದಿತ್ತು. 'ಈ ಗೋಡೆಯ ಮನೆಯವರು ನಲ್ಲಿಗೆ ಮೋಟಾರು ಹಾಕುತ್ತಾರೆ. ಬೀದಿಯಲ್ಲಿ ಬಾಣಂತಿಗೂ ನೀರಿಲ್ಲ. ಇದು ನಿಜ.' ಹೆಸರು ಬರೆದಿರಲಿಲ್ಲ. ಬರೆಯಬೇಕಾದ ಅಗತ್ಯ ನನಗಂತೂ ಇರಲಿಲ್ಲ. ಅದೇ ಅಕ್ಷರ ನಮ್ಮ ಅಡುಗೆಮನೆಯಲ್ಲಿ ಮೆಂತ್ಯ, ಸಾಸಿವೆ, ಹುಳಿಪುಡಿ ಎಂದು ಡಬ್ಬಿಗಳ ಮೇಲೆ ವರ್ಷಗಳಿಂದ ಕೂತಿತ್ತು. ಜೇಬಿಗೆ ಕೈಹಾಕಿ ಒದ್ದೆ ಬಟ್ಟೆಯನ್ನು ಹಿಡಿದುಕೊಂಡೆ. ತಿರುಗಿ ನೋಡಿದರೆ ಹಾಲಿನ ಕ್ಯೂ ಅಷ್ಟೂ ನನ್ನನ್ನೇ ನೋಡುತ್ತಿದೆ. ಮಾತನ್ನು ಅಳಿಸಬಾರದು ಎಂದು ಮೈಕಿನಲ್ಲಿ ಕೂಗಿದವನು ನಾನು, ಈಗ ಅವರ ಎದುರಿಗೇ ಹೇಗೆ ಅಳಿಸಲಿ? ಕ್ಯೂನ ನಡುವೆ, ಕೈಯಲ್ಲಿ ಬುಟ್ಟಿ ಹಿಡಿದುಕೊಂಡು ಸರೋಜ ನಿಂತಿದ್ದಳು. ಅವಳು ಮಾತ್ರ ನನ್ನ ಕಡೆ ನೋಡದೆ ಬೂತಿನ ಕಡೆ ನೋಡುತ್ತಿದ್ದಳು. ಪಕ್ಕದಲ್ಲಿ ಒಳ್ಳೆಯ ಮಾತು ಬರೆಯೋಣವೆಂದರೆ ಯಾವ ಒಳ್ಳೆಯ ಮಾತು ಬರೆಯುವುದು? ಮೋಟಾರು ಆಗಲೂ ಗುರ್ ಎನ್ನುತ್ತಿತ್ತು, ನಿಂತಲ್ಲಿಗೆ ಕೇಳಿಸುತ್ತಿತ್ತು. ಅಷ್ಟರಲ್ಲಿ ಕೋಲಿನ ಸದ್ದಾಯಿತು.

'ಏನ್ ಬರ್ದಿದೀರಿ ಮೂರ್ತಿಗಳೇ ಇವತ್ತು, ಓದಿ' ಎಂದರು ಪುಟ್ಟಸ್ವಾಮಯ್ಯನವರು. ನಾನು ನುಡಿಮುತ್ತು ಓದಿದೆ. ಸುದ್ದಿ ಓದಿದೆ. ಸುದ್ದಿಯನ್ನು ಇನ್ನೊಂದು ಸಲ ಬಿಡಿಸಿ ಓದಿದೆ. ಅವರು ಕೋಲನ್ನು ಆ ಕೈಯಿಂದ ಈ ಕೈಗೆ ಬದಲಿಸಿ, 'ಕೆಳಗಡೆ? ಜನ ಏನಂತಾರೆ?' ಎಂದರು. ಕಣ್ಣ ಮುಂದೆ ಆ ಮೂರು ಸಾಲು ದಪ್ಪಗೆ ಕೂತಿದ್ದವು. ಅವುಗಳನ್ನೇ ನೋಡುತ್ತಾ, ಗಟ್ಟಿಯಾದ, ಸ್ಪಷ್ಟವಾದ ಸ್ವರದಲ್ಲಿ, ನಾನು ಓದಿದೆ: 'ನೀರು ಅಮೂಲ್ಯ. ಎಲ್ಲರೂ ಮಿತವಾಗಿ ಬಳಸಬೇಕು.' ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ. ಅಮೆರಿಕದಲ್ಲಿ ಪುಸ್ತಕ ತೆಗೆಸುವವರು ಕಪಾಟಿನಿಂದ ತೆಗೆಸಬೇಕು, ಜನರಿಗೆ ಗೊತ್ತಾಗುತ್ತದೆ, ಕೋರ್ಟು ಇದೆ. ನಾನು ಅಕ್ಷರವನ್ನು ಮುಟ್ಟದೆ, ಬಟ್ಟೆಯನ್ನು ಜೇಬಿನಿಂದ ತೆಗೆಯದೆ ಕೆಲಸ ಮುಗಿಸಿದ್ದೆ. ಪುಟ್ಟಸ್ವಾಮಯ್ಯನವರು ತಲೆದೂಗಿ, 'ಒಳ್ಳೇ ಮಾತು. ಯಾರೋ ತಿಳಿದೋರು ಬರ್ದವ್ರೆ' ಎಂದರು. ನನಗೆ ಜೀವ ಬಂತು. ಆಗ ಕ್ಯೂನಿಂದ ಸರೋಜ ಹೊರಗೆ ಬಂದಳು. ಅವಳ ಜಾಗ ಹೋಯಿತು, ಅದನ್ನೂ ಲೆಕ್ಕಿಸಲಿಲ್ಲ. 'ಯಜಮಾನ್ರೇ, ಇವ್ರು ಅವಸರದಲ್ಲಿ ಕನ್ನಡಕ ಬಿಟ್ಟು ಬಂದಿದಾರೆ. ನಾನು ಓದ್ತೀನಿ' ಎಂದು ಮೂರು ಸಾಲನ್ನೂ ಒಂದಕ್ಷರ ಬಿಡದೆ ಓದಿ, 'ಬರ್ದಿದ್ದೂ ನಾನೇ' ಎಂದಳು. ನನ್ನ ಮೂಗಿನ ಮೇಲೆ ಕನ್ನಡಕ ಇತ್ತು. ಪುಟ್ಟಸ್ವಾಮಯ್ಯನವರು ಅವಳ ದನಿ ಬಂದ ಕಡೆ ಒಮ್ಮೆ ಮುಖ ತಿರುಗಿಸಿದರು. ಆಮೇಲೆ ಕೋಲು ಊರಿಕೊಂಡು ಗೇಟಿನೊಳಗೆ ಹೋದರು.

ಮನೆಗೆ ಬಂದು ನಾನು ರೇಡಿಯೋ ಹಾಕುವುದನ್ನೂ ಮರೆತು ಕೂಗಾಡಿದೆ. ಇನ್ನೇನು ಹುಡುಗನಿಗೆ ಹೆಣ್ಣು ಗೊತ್ತಾಗುತ್ತದೆ, ಭಾರತಿಯ ಪುಸ್ತಕ ಹೊತ್ತುಕೊಂಡು ಬೀದಿಗೆ ಹೋಗೋಣ ಎಂದೆ. ಸರೋಜ ಒಲೆಯ ಮುಂದಿನಿಂದ ತಿರುಗದೆ, 'ಹೋದ್ರೆ ಹೋಗೋಣ. ಮನೆ ಇನ್ನೊಂದ್ ಸಿಗತ್ತೆ. ಆ ಮಗೂ ಮುಖ ನೋಡಕ್ಕೆ ನಂಗೆ ನಾಚಿಕೆ ಆಗ್ತಿತ್ತು' ಎಂದಳು. ಅವಳಿಗೆ ಭಯವೇ ಇಲ್ಲ ಎಂದು ನನಗೆ ಇನ್ನೂ ಸಿಟ್ಟು ಬಂತು. ಊಟಕ್ಕೆ ಕೂತಾಗ ಸಾರು ಬಾಯಿಗಿಡಲಾರದಷ್ಟು ಉಪ್ಪಾಗಿತ್ತು. ಎರಡು ಸಲ ಹಾಕಿದ್ದಳು. ನಾನು ಆ ಸಾರನ್ನೇ ಉಂಡು ಎದ್ದೆ.

ಆಫೀಸಿನಲ್ಲಿ ಆವತ್ತು ನಾನು ಯಾವ ಫೈಲನ್ನು ಎಲ್ಲಿಗೆ ಕಳಿಸಿದೆನೋ ದೇವರೇ ಬಲ್ಲ. ಪಕ್ಕದ ಟೇಬಲ್ಲಿನವರು ಕುರುಬರಹಳ್ಳಿಯಲ್ಲಿದ್ದರು. ನಿಮ್ಮ ಕಡೆ ಮನೆ ಖಾಲಿ ಇದೆಯೇ ಎಂದು ಅವರನ್ನು ಕೇಳಿದೆ. ಇದೆ, ಓನರು ದೇವರಂಥವರು, ಆದರೆ ಮೊಳೆ ಹೊಡೆಯಬಾರದು, ನೆಂಟರು ಬಂದರೆ ಮೊದಲೇ ತಿಳಿಸಬೇಕು, ಒಗ್ಗರಣೆಗೆ ಬೆಳ್ಳುಳ್ಳಿ ಹಾಕುವ ದಿನ ಕಿಟಕಿ ಮುಚ್ಚಬೇಕು ಎಂದರು. ಕೆಂಗೇರಿಯಲ್ಲಾದರೆ ಧಾರಾಳವಾಗಿ ಸಿಗುತ್ತದೆ ಎಂದು ಇನ್ನೊಬ್ಬರು ಹೇಳಿದರು. ಕೆಂಗೇರಿಯಿಂದ ಭಾರತಿ ಬಸ್ಸು ಹಿಡಿದು ಪರೀಕ್ಷೆಗೆ ಬರುವುದನ್ನು, ಆ ಬಸ್ಸು ಸ್ಟಾಪಿನಲ್ಲಿ ನಿಲ್ಲದೆ ಹೋಗುವುದನ್ನು ಊಹಿಸಿಕೊಂಡು ನನ್ನ ಕಣ್ಣಲ್ಲಿ ನೀರು ಬಂತು. ಮೊದಲನೆಯ ಪ್ರೊಫೆಸರರ ಮೇಲೆ ವಿಪರೀತ ಕೋಪ ಬಂತು. ಅವರು ಸ್ವಂತ ಮನೆಯಲ್ಲಿ ಕೂತು ಬರೆದಿದ್ದಾರೆ, ಅದರಲ್ಲಿ ಅನುಮಾನವೇ ಇಲ್ಲ ಎನ್ನಿಸಿತು.

ಸಂಜೆ ಗೇಟು ತೆಗೆಯುವಷ್ಟರಲ್ಲೇ ಮೇಲಿನಿಂದ ಕರೆ ಬಂತು. ಪುಟ್ಟಸ್ವಾಮಯ್ಯನವರು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಅವರ ಹೆಂಡತಿ ಜಯಮ್ಮನವರು ಬಾಗಿಲಿಗೆ ಒರಗಿ ನಿಂತಿದ್ದರು. ಕೂರಿ ಎನ್ನಲಿಲ್ಲ. ನಾನು ಹುಡುಗನ ಮದುವೆಯ ಮಾತಿಗಾಗಿ ಕಾಯುತ್ತಾ ನಿಂತೆ.

'ಮೋಟಾರು ಬಿಚ್ಚಿಸ್ದೆ' ಎಂದರು ಅವರು. 'ನಿಜ ಬರೀರಿ ಅಂತ ನಾನೇ ಹೇಳಿದ್ದೆ, ಆಯಮ್ಮ ಬರ್ದವ್ರೆ. ಅದ್ಕೆ ನಂದೇನೂ ಇಲ್ಲ. ಇವ್ಳೂ ಎರಡು ವರ್ಷದಿಂದ ಅದ್ನೇ ಹೇಳ್ತಿದ್ಲು, ನಾನ್ ಕಿವಿಗೆ ಹಾಕ್ಕೊಂಡಿರ್ಲಿಲ್ಲ.' ಜಯಮ್ಮನವರು ನನ್ನ ಕಡೆ ನೋಡಿ, 'ನಿಮ್ಮನೇವ್ರಿಗೆ ಹೇಳಿ, ಬಾಣಂತಿಗೆ ಇನ್ಮೇಲೆ ನಾನೇ ಬಿಸಿನೀರು ಕಾಯಿಸಿ ಕೊಡ್ತೀನಿ ಅಂತ' ಎಂದರು. ನನ್ನ ಮೈಯಿಂದ ದೊಡ್ಡ ಭಾರ ಇಳಿದಂತಾಯಿತು. ಕೈಮುಗಿದು ಹೊರಡಲು ತಿರುಗಿದೆ. 'ನಿಂತ್ಕೊಳ್ಳಿ' ಎಂದರು ಪುಟ್ಟಸ್ವಾಮಯ್ಯನವರು. 'ನನ್ ಮಾತು ನಿಮ್ ಹತ್ರ. ಕಣ್ ಕಾಣ್ದೋನಿಗೆ ಇಲ್ದಿದ್ದನ್ನ ಓದಿ ಹೇಳಿದ್ರಲ್ಲ ಸ್ವಾಮಿ. ಬೆಳಿಗ್ಗೆಯಿಂದ ಕೂತು ಯೋಚ್ನೆ ಮಾಡ್ತಾ ಇದೀನಿ. ಹೋದ್ ವಾರ ಮಳೆ ಸುದ್ದಿ ಓದಿದ್ರಲ್ಲ, ಅದಿತ್ತಾ? ಪೆಟ್ರೋಲ್ ಬೆಲೆ ಓದಿದ್ರಲ್ಲ, ಅದು?' ಎಲ್ಲವೂ ಇತ್ತು ಎಂದು ನಾನು ಆಣೆ ಮಾಡಿದೆ. 'ಇತ್ತೋ ಇಲ್ವೋ, ನಂಗೆ ಹೆಂಗೆ ಗೊತ್ತಾಗ್ಬೇಕು?' ಎಂದರು. 'ಮನೇಲಿ ಇರಿ, ಎಷ್ಟ್ ದಿನ ಬೇಕಾದ್ರೂ ಇರಿ. ಬೋರ್ಡು ಮಾತ್ರ ನಾಳೆಯಿಂದ ಆಯಮ್ಮ ಬರೀಲಿ, ಆಯಮ್ಮನೇ ಓದ್ಲಿ' ಎಂದು ಮುಖ ತಿರುಗಿಸಿಕೊಂಡರು. ಮೆಟ್ಟಿಲು ಇಳಿಯುವಾಗ ಮನೆ ಉಳಿದ ಸಂತೋಷಕ್ಕಿಂತ ಆ ಕೊನೆಯ ಮಾತೇ ಎದೆಯಲ್ಲಿ ಚುಚ್ಚುತ್ತಿತ್ತು. ಸರೋಜಳಿಗೆ ಅದನ್ನು ಹೇಳುವುದಕ್ಕೆ ಬಹಳ ಕಷ್ಟವಾಯಿತು.

ಅಲ್ಲಿಂದ ಮುಂದೆ ನಮ್ಮ ಓಣಿಯ ಎಲ್ಲ ನಲ್ಲಿಗಳಲ್ಲೂ ನೀರು ಬರುತ್ತಿತ್ತು, ಸಣ್ಣಗೆ ಬರುತ್ತಿತ್ತು. ನಮ್ಮ ಸಂಪು ತುಂಬುತ್ತಿರಲಿಲ್ಲವಾದ್ದರಿಂದ ನಾನು ಬೆಳಗಿನ ಜಾವ ಎದ್ದು ನಲ್ಲಿಯ ಕೆಳಗೆ ಬಿಂದಿಗೆ ಇಟ್ಟು ಕಾಯುತ್ತಿದ್ದೆ. ಆಮೇಲೆ ಹಾಲಿನ ಕ್ಯೂನಲ್ಲಿ ನಿಂತು, ಎದುರಿಗೆ ಸರೋಜ ತನ್ನ ತವರಿನ ದನಿಯಲ್ಲಿ ಪುಟ್ಟಸ್ವಾಮಯ್ಯನವರಿಗೆ ಬೋರ್ಡು ಓದಿ ಹೇಳುವುದನ್ನು ಕೇಳುತ್ತಿದ್ದೆ. ಅತ್ತಿಗುಪ್ಪೆಯವರೆಗೂ ಕೇಳುತ್ತದೆ ಎನ್ನುತ್ತಿದ್ದರು. ಕೆಳಗಿನ ಅರ್ಧ ಆಗಲೂ ಸಾರ್ವಜನಿಕರದೇ ಆಗಿತ್ತು. ಒಂದು ದಿನ ನನಗೂ ಒಂದು ಅಭಿಪ್ರಾಯ ಬರೆಯಬೇಕೆನಿಸಿತು. ಓಣಿಯ ಬೀದಿದೀಪಗಳು ಹಗಲಿನಲ್ಲೂ ಉರಿಯುತ್ತಿವೆ ಎನ್ನುವುದು ಅದು. ಒಂದು ಚೀಟಿಯಲ್ಲಿ ಬರೆದುಕೊಂಡು ಸರೋಜಳಿಗೆ ತೋರಿಸಿ, 'ಇದನ್ನ ಬರೀಬಹುದಾ?' ಎಂದು ಕೇಳಿದೆ. ಅವಳು ಹಿಟ್ಟಿನ ಕೈಯಲ್ಲೇ, 'ನನ್ನ್ಯಾಕೆ ಕೇಳ್ತೀರಾ? ಬೋರ್ಡು ಅಲ್ಲೇ ಇದೆ, ಹೋಗಿ ಬರೀರಿ' ಎಂದಳು. ಹೋದೆ. ಡಬ್ಬಿಯಿಂದ ಸೀಮೆಸುಣ್ಣ ತೆಗೆದುಕೊಂಡೆ. ಯಾರೂ ಇರಲಿಲ್ಲ, ಯಾರೂ ತಡೆಯಲಿಲ್ಲ. 'ಬೀದಿ' ಎಂದು ಬರೆಯುವಷ್ಟರಲ್ಲಿ, ಇದರಿಂದ ವಿದ್ಯುತ್ತಿನವರಿಗೆ ಏನಾದರೂ ಅನ್ನಿಸಬಹುದೇ ಎಂದು ಯೋಚನೆ ಬಂತು. ಸೀಮೆಸುಣ್ಣ ಕೆಳಗಿಟ್ಟು, ಯಾವುದಕ್ಕೂ ಪುಟ್ಟಸ್ವಾಮಯ್ಯನವರಿಗೂ ಒಂದು ಮಾತು ಓದಿ ಹೇಳಿ ಬರೋಣ ಎಂದು ಚೀಟಿ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ.